ಕೆಂಪು ಚುಕ್ಕೆಯ ಗಡಿಯಾರ

ಮಾರ್ಚ್ ೧, ಶುಕ್ರವಾರ. ಬೆಳಗ್ಗೆ ೫.೪೦

ಇವತ್ತೂ ಸೂರ್ಯ ನನ್ನನ್ನು ಕೇಳಿಕೊಂಡೇ ಹುಟ್ಟಲಿದ್ದಾನೆ. ಇಪ್ಪತ್ತಾರು ವರ್ಷದಿಂದ ಹೀಗೇ ನಡೆದು ಬಂದಿದೆ. ನಾನು ಎದ್ದು, ಹಲ್ಲುಜ್ಜಿ (ಉಳಿದಿರುವುದು ಹನ್ನೊಂದೇ, ಬೇಗ ಮುಗಿಯುತ್ತದೆ), ಕಿಟಕಿ ತೆಗೆದು "ಹೂಂ, ಬಾ" ಅಂದ ಮೇಲೆಯೇ ಅವನು ತಲೆ ಎತ್ತುವುದು. ಒಂದು ದಿನ ಜ್ವರ ಬಂದು ಮಲಗಿದ್ದೆ. ಅವತ್ತು ಮಧ್ಯಾಹ್ನದವರೆಗೂ ಮೋಡ. ಸಾಕ್ಷಿಗೆ ಇನ್ನೇನು ಬೇಕು?

ಮರದ ಮಿಲ್ಲಿನ ಗೇಟು ನನ್ನದು. ಮಾಲೀಕರದ್ದು ಅನ್ನುತ್ತಾರೆ, ಅದು ಕಾಗದದ ಮಾತು. ಏಳಕ್ಕೆ ಕೆಲಸ ಶುರು, ಹನ್ನೆರಡೂವರೆಗೆ ಊಟ, ಎರಡಕ್ಕೆ ಮತ್ತೆ ಕೆಲಸ, ಐದೂವರೆಗೆ ಮನೆ. ನಾಲ್ಕು ಸಲವೂ ಗಂಟೆಯ ಹಗ್ಗ ಎಳೆಯುವವನು ನಾನು. ನಾನು ಎಳೆಯದೆ ಗರಗಸ ತಿರುಗದು, ಮಾಲೀಕರಿಗೆ ಹಸಿವೂ ಆಗದು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಲವತ್ತು ಜನರ ಹೊಟ್ಟೆಯನ್ನು ಹಗ್ಗದಲ್ಲಿ ಹಿಡಿದಿದ್ದಾನೆ. ಸಾಕಲ್ಲ.

ಚಹಾ ಆರುತ್ತಿದೆ. ಹೊರಟೆ.

ಅದೇ ದಿನ, ಸಂಜೆ ೭.೩೦

ಅಕ್ಕ ಇವತ್ತು ಟ್ರಂಕು ತೆಗೆದಳು. ಅವಳ ಮನೆಯ ಮಾಳಿಗೆ ಕೋಣೆ ನನ್ನದು. ಕೆಳಗೆ ಅಕ್ಕ, ಅವಳ ಹೊಲಿಗೆ ಮಿಷನ್ನು, ಅವಳ ಮಗಳು ಮೆಣಸು. ಹುಡುಗಿಗೆ ಬೇರೆ ಹೆಸರಿದೆ. ನಾನಿಟ್ಟದ್ದೇ ನಿಂತಿತು, ಬಾಯಿ ಹಾಗಿದೆ.

ಟ್ರಂಕಿನಿಂದ ಬಂದದ್ದು ಭಾವನವರ ಗಡಿಯಾರ. ಮುಳ್ಳಿಲ್ಲ, ಕಪ್ಪು ಗಾಜಿನೊಳಗೆ ಕೆಂಪು ಅಂಕಿ ಉರಿಯುವ ಜಾತಿಯದು. ಗೋಡೆಯ ಪ್ಲಗ್ಗಿಗೆ ಹಾಕಬೇಕು. ಭಾವ ಹಡಗಿನಲ್ಲಿ ಅಡುಗೆಯವರಾಗಿದ್ದರು. ಮೂವತ್ತೆರಡು ವರ್ಷದ ಹಿಂದೆ ಯಾವುದೋ ದೂರದ ಬಂದರಿನಿಂದ ಎತ್ತಿಕೊಂಡು ಬಂದದ್ದು. ಜೊತೆಗೆ ಇಟ್ಟಿಗೆಯಷ್ಟು ಭಾರದ ಒಂದು ಟ್ರಾನ್ಸ್‌ಫಾರ್ಮರ್ ಡಬ್ಬಿ. ನಮ್ಮ ಕರೆಂಟು ನೇರ ಕೊಟ್ಟರೆ ಸುಟ್ಟುಹೋಗುತ್ತದಂತೆ, ಈ ಡಬ್ಬಿಯ ಮೂಲಕವೇ ಕೊಡಬೇಕು. ಬಂದ ದಿನದಿಂದಲೂ ಅದು ಸರಿಯಾದ ಟೈಮು ತೋರಿಸಿದ್ದಿಲ್ಲ. ಭಾವ ಪ್ರತಿ ರಜೆಗೂ ಬಿಚ್ಚಿ ನೋಡುತ್ತಿದ್ದರು. "ಮುಂದಿನ ಸಲ ಬಂದಾಗ ಸರಿ ಮಾಡೇ ಹೋಗ್ತೀನಿ" ಅನ್ನುತ್ತಿದ್ದರು. ಅವರು ತೀರಿಕೊಂಡು ಎರಡು ವರ್ಷ.

ಅಕ್ಕ ಮಿಷನ್ನಿನ ಪಕ್ಕದ ಸಣ್ಣ ಮೇಜು ಖಾಲಿ ಮಾಡಿ ಅಂದಳು, "ಇಲ್ಲಿಡೋಣ ಅಂತಿದ್ದೀನಿ. ಓಡೋ ಹಾಗೆ ಮಾಡ್ತೀಯಾ?"

ಕೇಳಬೇಕಾ? ನನ್ನನ್ನ?

ತಿರುಗಿಸಿ ನೋಡಿದೆ. ತಳಕ್ಕೆ ಹಸಿರು ವೆಲ್ವೆಟ್ಟು. ಅಂಟಿಸಿದವನು ನಾನೇ, ಗಡಿಯಾರ ಬಂದ ದಿನವೇ, ಮೇಜಿಗೆ ಗೀರು ಬೀಳದಿರಲಿ ಅಂತ. ಇಷ್ಟು ವರ್ಷವಾದರೂ ಒಂದು ಅಂಚು ಎದ್ದಿಲ್ಲ. ಕೈಕೆಲಸ ಅಂದರೆ ಅದು. ಹೊರದೇಶದವರು ಗಡಿಯಾರ ಮಾಡಿರಬಹುದು, ಅದಕ್ಕೆ ಚಪ್ಪಲಿ ತೊಡಿಸಿದವನು ನಾನು.

ಪ್ಲಗ್ ಹಾಕಿದೆ. ೧೨:೦೦ ಅಂತ ಕಣ್ಣು ಮಿಟುಕಿಸಿತು. ಸರಿಯಾಗಿ ಎಂಟಕ್ಕೆ ಟೈಮು ಕೂರಿಸುತ್ತೇನೆ. ನಾಳೆಗೆ ಇದರ ಕಥೆ ಮುಗೀತು.

ಮಾರ್ಚ್ ೨, ಶನಿವಾರ. ಬೆಳಗ್ಗೆ ೬.೦೫

ನಾನು ಎದ್ದದ್ದು ಆರಕ್ಕೆ. ಗಡಿಯಾರ ಹೇಳುತ್ತಿದೆ ನಾಲ್ಕು ಇಪ್ಪತ್ತು. ರಾತ್ರಿಯೆಲ್ಲ ಮಲಗಿತ್ತೇ ಇದು?

ಅದೇ ದಿನ, ಸಂಜೆ

ಮಿಲ್ಲಿನಿಂದ ಬರುವಾಗ ಒಂಟಿಗಾಜಿನ ಅಂಗಡಿ ಮುಂದೆ ನಿಂತೆ. ವಾಚು ರಿಪೇರಿಯವನು. ಒಂದು ಕಣ್ಣಿಗೆ ಸದಾ ಗಾಜಿನ ಕೊಳವೆ ಸಿಕ್ಕಿಸಿಕೊಂಡಿರುತ್ತಾನೆ. ಊಟ ಮಾಡುವಾಗಲೂ ತೆಗೆಯುವುದಿಲ್ಲ ಅಂತ ಸುದ್ದಿ ಹಬ್ಬಿಸಿದವನು ನಾನೇ. ಅಂಗಡಿಯ ಹಲಗೆ: 'ಎಲ್ಲಾ ತರಹದ ಗಡಿಯಾರ ತಜ್ಞರು'. ಒಬ್ಬನೇ ಕೂತಿರುತ್ತಾನೆ, 'ತಜ್ಞರು' ಅಂತೆ.

ವಿಷಯ ಹೇಳಿದೆ. ಬಾಗಿಲು ಎಳೆದುಕೊಂಡು ನನ್ನ ಹಿಂದೆಯೇ ಮನೆಗೆ ಬಂದ. ಗಡಿಯಾರ ಕೈಗೆತ್ತಿಕೊಂಡವನು ಕೆಳಗಿಡಲೇ ಇಲ್ಲ.

"ಗೇಟ್ ಸಾಹೇಬ್ರೇ, ಇದು ಓಡಲ್ಲ. ಇದರ ಒಳಗಿನ ಚಿಪ್ಪು ಈಗ ಹುಡುಕಿದ್ರೂ ಸಿಗಲ್ಲ. ಆದ್ರೆ ನೋಡೋಕೆ ಚಂದ. ಹೋಟೆಲಿನೋರೊಬ್ರು ಇಂಥದ್ದೇ ಕೇಳ್ತಿದ್ರು, ಕೌಂಟರ್ ಮೇಲೆ ಶೋಗೆ. ಒಳ್ಳೆ ರೇಟ್ ಕೊಡಿಸ್ತೀನಿ ಅಕ್ಕಾವ್ರೇ."

ಅಕ್ಕ ಮಿಷನ್ನು ನಿಲ್ಲಿಸಲಿಲ್ಲ. "ಮಾರೋ ಹಾಗಿದ್ರೆ ಮೂವತ್ತೆರಡು ವರ್ಷ ಟ್ರಂಕಲ್ಲಿ ಇಟ್ಕೊಳ್ತಿದ್ನಾ?"

"ಹಾಗಲ್ಲ, ಕೆಟ್ಟಿರೋದು ಇಟ್ಕೊಂಡು…"

"ಕೆಟ್ಟಿಲ್ಲ," ಅಂದೆ ನಾನು. "ನನ್ನ ಕೈಗೆ ಇನ್ನೂ ಬಂದಿಲ್ಲ, ಅಷ್ಟೇ."

ಅವನು ನಕ್ಕ. ಗಾಜಿಲ್ಲದ ಕಣ್ಣಿನಿಂದ. ಆ ನಗು ನನಗೆ ಊಟದಲ್ಲೂ ಅಡ್ಡ ಬಂತು.

ಮೆಣಸು ಮೂಲೆಯಲ್ಲಿ ಕೂತು ಉಗುರು ಕತ್ತರಿಸುತ್ತಿದ್ದಳು. ಕರೆಂಟಿನ ಸಬ್‌ಸ್ಟೇಷನ್ನಿನಲ್ಲಿ ಕೆಲಸ ಅವಳಿಗೆ, ಗಂಟೆಗೊಂದು ಸಲ ಮೀಟರು ನೋಡಿ ಪುಸ್ತಕದಲ್ಲಿ ಬರೆಯುವುದು. "ಮಾಮ, ಕೇಳಿದ್ರೆ ಒಂದು ಮಾತು ಹೇಳ್ತೀನಿ."

"ಕೇಳಿದ್ರೆ ತಾನೇ?"

"ಸರಿ. ಕೇಳ್ದಾಗ್ಲೇ ಹೇಳ್ತೀನಿ."

ನಾನು ಇವಳಿಗೆ ಶೂ ಲೇಸು ಕಟ್ಟಲು ಕಲಿಸಿದವನು. ಇವಳನ್ನು ಕೇಳಬೇಕಂತೆ.

ಮಾರ್ಚ್ ೩, ಭಾನುವಾರ. ಮಧ್ಯಾಹ್ನ ೩

ಬೆಳಗಿನಿಂದ ಆಪರೇಷನ್. ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿದೆ. ಒಳಗೆ ಹಳೇ ಧೂಳು, ಒಂದು ಸತ್ತ ಜಿರಲೆ. ಜಿರಲೆಯೇ ಕಾರಣ ಅಂತ ಅರ್ಧ ಗಂಟೆ ನಂಬಿದ್ದೆ. ಪೇಂಟು ಹಚ್ಚುವ ಹಳೇ ಬ್ರಷ್ಷಿನಿಂದ ಗುಡಿಸಿದೆ. ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಬಟನ್ನುಗಳ ಕೆಳಗೆಲ್ಲ ಒರೆಸಿದೆ. ಸಣ್ಣ ಡ್ರಮ್ಮಿನ ಹಾಗಿರುವ ಕೆಪಾಸಿಟರ್ ಒಂದು ಹೊಟ್ಟೆ ಉಬ್ಬಿಸಿಕೊಂಡಿತ್ತು. ಮಿಲ್ಲಿನ ಮೋಟಾರ್ ನೋಡುವವನ ಮನೆಗೆ ಓಡಿ ಅಂಥದ್ದೇ ಒಂದು ಹೊಸದು ಇಸಿದುಕೊಂಡು ಬಂದೆ. ಬೆಸುಗೆಯ ಕಬ್ಬಿಣ ಕಾಯಿಸಿ ಬೆಸೆದೆ. ಹೆಬ್ಬೆರಳು ಸುಟ್ಟಿತು. ಅಕ್ಕನಿಗೆ ಕೇಳದ ಹಾಗೆ ಕೂಗಿದೆ.

ಅಕ್ಕ ಎರಡು ಸಲ ಬಂದು ನೋಡಿ ಹೋದಳು. ಮೂರನೇ ಸಲ, "ಎಲ್ಲ ವಾಪಸ್ ಜೋಡಿಸೋಕೆ ಬರತ್ತೆ ತಾನೇ?" ಅಂದಳು.

"ಅಕ್ಕಾ, ನಾನು ಬಿಚ್ಚಿದ್ದು ಯಾವತ್ತಾದ್ರೂ ಜೋಡಿಸದೆ ಬಿಟ್ಟಿದ್ದೀನಾ?"

"ಮಿಕ್ಸಿ."

"ಮಿಕ್ಸಿ ಬಿಟ್ಟು."

"ಇಸ್ತ್ರಿಪೆಟ್ಟಿಗೆ. ಅವರ ಸೈಕಲ್ಲು."

ಸ್ಕ್ರೂಡ್ರೈವರ್ ಹುಡುಕತೊಡಗಿದೆ. ಗಮನ ಕೆಲಸದ ಮೇಲಿರಬೇಕು.

ಜೋಡಿಸಿದೆ. ಒಂದು ಸ್ಕ್ರೂ ಉಳಿಯಿತು. ಉಳಿತಾಯ.

ಮಾರ್ಚ್ ೪, ಸೋಮವಾರ. ಬೆಳಗ್ಗೆ ೬.೩೫

ಸರಿಯಾಗಿ ಆರೂವರೆಗೆ ಟೈಮು ಕೂರಿಸಿದೆ. ರೇಡಿಯೋದ ಪೀಂ ಪೀಂಗೆ ಹೊಂದಿಸಿ. ಮುಟ್ಟಿ ಮುಟ್ಟಿ ನೋಡುತ್ತಿದ್ದರೆ ಪರೀಕ್ಷೆ ಆಗುವುದಿಲ್ಲ. ಗೋಡೆ ಬೀರುವಿನೊಳಗೆ ಇಟ್ಟು, ವೈರು ಸಂದಿಯಿಂದ ಹೊರತೆಗೆದು, ಬೀಗ ಜಡಿದೆ. ಬೀಗದ ಕೈ ಸೊಂಟದಲ್ಲಿ. ಮೂರು ದಿನ, ಎಪ್ಪತ್ತೆರಡು ಗಂಟೆ. ನಡುವೆ ಕರೆಂಟು ಹೋದರೆ ಗಡಿಯಾರ ಮಿಟುಕಿಸಿ ಹೇಳಿಕೊಡುತ್ತದೆ, ಮೋಸ ಸಾಧ್ಯವಿಲ್ಲ. ಗುರುವಾರ ಬೆಳಗ್ಗೆ ಆರೂವರೆಗೆ ತೆಗೆಯುತ್ತೇನೆ. ವಿಜ್ಞಾನಿಗಳು ಹೀಗೇ ಮಾಡುವುದು. ಯಾರೂ ಹೇಳಿಕೊಟ್ಟಿಲ್ಲ, ತಾನಾಗಿ ಹೊಳೆಯಿತು.

ಮಾರ್ಚ್ ೫, ಮಂಗಳವಾರ

ತೆಗೆದು ನೋಡಲಿಲ್ಲ. ಬೀರುವಿಗೆ ಕಿವಿ ಇಟ್ಟೆ. ಸದ್ದು ಮಾಡುವ ಜಾತಿಯಲ್ಲ ಅಂತ ಆಮೇಲೆ ನೆನಪಾಯಿತು.

ಮಾರ್ಚ್ ೭, ಗುರುವಾರ. ಬೆಳಗ್ಗೆ ೬.೪೫

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಓರೆಯಾದರೆ ಆಗಲಿ.

ಆರೂವರೆಗೆ ಬೀಗ ತೆಗೆದೆ. ರೇಡಿಯೋ ಪೀಂ ಅಂದಿತು. ಗಡಿಯಾರದಲ್ಲಿ ೬:೩೦. ಒಂದು ನಿಮಿಷ ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಮಿಟುಕಿಸುತ್ತಲೂ ಇಲ್ಲ. ಎಪ್ಪತ್ತೆರಡು ಗಂಟೆ ಕತ್ತಲಲ್ಲಿ ಒಬ್ಬಂಟಿಯಾಗಿ ಕೂತು ಸರಿಯಾದ ಟೈಮು ಹಿಡಿದಿದೆ! ಅಂಕಿಗಳ ಮೇಲಿನ ಮೂಲೆಯಲ್ಲಿ ಒಂದು ಸಣ್ಣ ಕೆಂಪು ಚುಕ್ಕೆಯೂ ಹೊತ್ತಿಕೊಂಡಿತ್ತು. ಸೋಮವಾರ ಇರಲಿಲ್ಲ. ಉತ್ತರ ಸರಿಯಿದ್ದರೆ ನಮ್ಮ ಮೇಷ್ಟ್ರು ಸ್ಲೇಟಿನ ಮೂಲೆಯಲ್ಲಿ ಇಡುತ್ತಿದ್ದ ಗುರುತಿನ ಹಾಗೆ. ನನಗೆ ಅಂಥದ್ದು ಸಿಕ್ಕಿದ್ದು ಕಮ್ಮಿ. ಈಗ ಬಡ್ಡಿ ಸಮೇತ ಬಂತು.

ಅಕ್ಕನನ್ನು ಕೂಗಿದೆ. ಬಂದಳು. ನೋಡಿದಳು. ನನ್ನ ಕೈಗಡಿಯಾರ ನೋಡಿದಳು, ಮತ್ತೆ ಇದನ್ನು ನೋಡಿದಳು. ಸೆರಗಿನಿಂದ ಗಾಜು ಒರೆಸಿದಳು, ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದಳು.

"ಅವರು ನೋಡ್ಬೇಕಿತ್ತು ಕಣೋ."

"ನೋಡ್ತಿದ್ದಾರೆ ಅಂದ್ಕೋ."

"ಶಹಭಾಸ್," ಅಂದಳು. ಅಕ್ಕ ನನಗೆ. ಐವತ್ತೆಂಟು ವರ್ಷದಲ್ಲಿ ಮೊದಲ ಸಲ. ಮೆಣಸು ಬೆಳಗಿನ ಪಾಳಿಗೆ ಆಗಲೇ ಹೋಗಿದ್ದಾಳೆ. ಇದ್ದಿದ್ದರೆ ಮುಖ ನೋಡಬಹುದಿತ್ತು.

ಈಗ ಒಂದೇ ಕೆಲಸ ಬಾಕಿ. ಆ ಒಂಟಿಗಾಜಿನ ನಗು. ಗಡಿಯಾರದ ಪ್ಲಗ್ ತೆಗೆದು ಟವೆಲ್ಲಿನಲ್ಲಿ ಸುತ್ತಿದೆ, ಡಬ್ಬಿಯನ್ನೂ ಚೀಲಕ್ಕೆ ಹಾಕಿದೆ. ಅಕ್ಕನಿಗೆ ಮಿಲ್ಲಿನಲ್ಲಿ ತೋರಿಸಿ ತರುತ್ತೇನೆ ಅಂತ ಹೇಳಿದ್ದೇನೆ.

ಅದೇ ದಿನ, ಮಧ್ಯಾಹ್ನ ೧೨.೪೦. ಗೇಟಿನಲ್ಲಿ

ಊಟದ ಬಿಡುವು. ಊಟ ಬೇಡ. ಹೊರಟೆ. ಅವನ ಹಲಗೆಯನ್ನು ಅವನ ಕೈಯಲ್ಲೇ ಇಳಿಸುವೆ.

ಮಾರ್ಚ್ ೯, ಶನಿವಾರ. ಸಂಜೆ

ನಿನ್ನೆ ಬರೆಯಲಿಲ್ಲ. ಪೆನ್ನಿನಲ್ಲಿ ಇಂಕು ಇತ್ತು.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಬೇಗ ಬೇಗ. ಗುರುವಾರ ಒಂದಕ್ಕೆ ಅವನ ಕೌಂಟರಿನ ಮೇಲೆ ಗಡಿಯಾರ ಇಟ್ಟು, ಸರಿಯಾಗಿ ಒಂದು ಗಂಟೆ ಅಂತ ಟೈಮು ಕೂರಿಸಿದೆ. ಎದುರಿನ ಸೈಕಲ್ ಅಂಗಡಿಯವನು, ಟೈಲರು, ಇನ್ನಿಬ್ಬರು ಸುಮ್ಮನೆ ನಿಲ್ಲುವವರು, ಎಲ್ಲ ನಿಂತಿದ್ದರು. ಜನ ಇದ್ದರೆ ನನ್ನ ನಾಲಿಗೆಗೆ ಬ್ರೇಕು ಇರುವುದಿಲ್ಲ.

ಮಾತಾಯಿತು. ಸಂಜೆ ಏಳಕ್ಕೆ ಅಂಗಡಿ ಮುಚ್ಚುವ ಹೊತ್ತಿಗೆ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಬರದಿದ್ದರೆ ಅವನು ತನ್ನ ಹಲಗೆ ಇಳಿಸಬೇಕು. ಒಂದು ತಿಂಗಳು 'ಇಲ್ಲಿ ಆಗದ್ದನ್ನು ಗೇಟಿನವರು ಮಾಡಿಕೊಡುತ್ತಾರೆ' ಅಂತ ಬರೆಸಿ ನೇತುಹಾಕಬೇಕು.

"ಬಂದ್ರೆ?" ಅಂದ ಒಂಟಿಗಾಜು.

"ಬಂದ್ರೆ ಗಡಿಯಾರ ನಿಂದು."

ಅಂದುಬಿಟ್ಟೆ. ಅಕ್ಕನ ಗಡಿಯಾರ. ಭಾವನವರ ಗಡಿಯಾರ. ನನ್ನದೇ ಅನ್ನುವ ಹಾಗೆ ಅಂದುಬಿಟ್ಟೆ.

"ಸಾಹೇಬ್ರೇ, ಅಕ್ಕಾವ್ರನ್ನ ಕೇಳ್ಬೇಡ್ವಾ?" ಅಂತ ಅವನು ಕೇಳಿದ್ದು ನಿಜ. "ನಮ್ಮನೆ ವಿಷಯ ನಂಗ್ ಬಿಡು" ಅಂತ ನಾನು ಅಂದದ್ದೂ ನಿಜ.

ಒಂದೂವರೆಗೆ ನೋಡಿದೆ: ೧:೨೫. ಕಣ್ಣು ಉಜ್ಜಿಕೊಂಡೆ. ಗೇಟಿಗೆ ಓಡಿದೆ, ಎರಡರ ಗಂಟೆ ಬಾರಿಸಬೇಕಿತ್ತು. ಐದೂವರೆಯ ಗಂಟೆ ಬಾರಿಸಿ ಮತ್ತೆ ಅಂಗಡಿಗೆ ಓಡಿದೆ. ಏಳಕ್ಕೆ ಅವನ ಅಂಗಡಿಯ ಗೋಡೆ ಗಡಿಯಾರಗಳೆಲ್ಲ ಒಂದಾದ ಮೇಲೊಂದು ಏಳು ಹೊಡೆದವು. ನನ್ನದು ಕೌಂಟರಿನ ಮೇಲೆ ಕೂತು ಕೆಂಪಗೆ ತೋರಿಸುತ್ತಿತ್ತು, ೬:೦೦.

ಯಾರೂ ನಗಲಿಲ್ಲ. ನಕ್ಕಿದ್ದರೆ ಬೈಯಬಹುದಿತ್ತು. ಒಂಟಿಗಾಜು ಗಡಿಯಾರ ಎತ್ತಿ ಗಾಜಿನ ಕಪಾಟಿನೊಳಗಿಟ್ಟ. ಹೋಟೆಲಿನವರು ಸೋಮವಾರ ಬಂದು ತೆಗೆದುಕೊಂಡು ಹೋಗುತ್ತಾರಂತೆ.

ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. "ಎಲ್ಲೋ?"

"ಒಂಟಿಗಾಜು ಬಿಡಲಿಲ್ಲಕ್ಕಾ. ಎರಡು ದಿನ ಅಂಗಡೀಲಿ ಇಡ್ತೀನಿ, ಜನ ನೋಡ್ಲಿ ಅಂತ ಗೋಗರೆದ. ಏನ್ ಮಾಡೋದು, ಪಾಪ."

ಅಕ್ಕ ಖುಷಿಪಟ್ಟಳು. ಮೇಜಿಗೆ ಹಾಸಲು ಒಂದು ಬಟ್ಟೆ ಹೊಲಿಯುತ್ತಿದ್ದಾಳೆ, ಅಂಚಿಗೆ ನೀಲಿ ದಾರ. ಮಿಷನ್ನಿನ ಸದ್ದು ಮಾಳಿಗೆಗೂ ಕೇಳುತ್ತಿದೆ.

ಮಾರ್ಚ್ ೧೧, ಸೋಮವಾರ. ಬೆಳಗ್ಗೆ ೧೦

ಅರ್ಧ ದಿನ ರಜೆ ಹಾಕಿ ಹೋದೆ. ಗಡಿಯಾರ ಮನೆಗೆ ಬಂತು! ಹೋಟೆಲಿನವರು ಬರುವ ಮೊದಲೇ. ಒಂಟಿಗಾಜಿಗೆ ಚಹಾ ಕುಡಿಯಲಿ ಅಂತ ಇನ್ನೂರು ಬಿಸಾಡಿದೆ, ಬಾಯಿ ಮುಚ್ಚಿಕೊಂಡು ಕೊಟ್ಟ. ವ್ಯಾಪಾರ ಮಾಡುವುದನ್ನು ನನ್ನಿಂದ ಕಲಿಯಬೇಕು.

ಹಲ್ಲಿನ ಡಬ್ಬಿಯನ್ನು ಅಟ್ಟದ ಮೇಲೆ ಇನ್ನೂ ಹಿಂದಕ್ಕೆ ಸರಿಸಿದ್ದೇನೆ. ಬಿಸ್ಕತ್ತಿನ ಹಳೇ ಡಬ್ಬಿ ಅದು, ಹಲ್ಲಿನ ಸೆಟ್ಟಿಗೆ ಅಂತ ಮೂರು ವರ್ಷದಿಂದ ಹಾಕುತ್ತಾ ಬಂದದ್ದು. ಸುಮ್ಮನೆ ಸರಿಸಿದೆ. ಅಲ್ಲಿ ಧೂಳಿತ್ತು.

ಅದೇ ದಿನ, ಸಂಜೆ

ನೀಲಿ ಅಂಚಿನ ಬಟ್ಟೆಯ ಮೇಲೆ ಅಕ್ಕ ತಾನೇ ಇಟ್ಟಳು. ಆರಕ್ಕೆ ಟೈಮು ಕೂರಿಸಿದೆ. ಏಳಕ್ಕೆ ೬:೫೦ ತೋರಿಸಿತು.

"ಸರಿ ಇತ್ತಲ್ಲೋ?"

"ಅವನು… ಕೈ ಆಡಿಸಿರ್ಬೇಕು."

ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಅವನು ಮುಟ್ಟಿಯೂ ಇರಲಿಲ್ಲ. ಮೆಣಸು ತಟ್ಟೆಯಿಂದ ತಲೆ ಎತ್ತಿ ನನ್ನನ್ನೇ ನೋಡಿದಳು. ಆ ನೋಟವೇ ಜಾಸ್ತಿ ಆಯಿತು.

ಮಾರ್ಚ್ ೧೨, ಮಂಗಳವಾರ. ಸಂಜೆ

ಕೇಳಿದೆ.

ಬರೆದೇ ಬಿಟ್ಟೆ, ಇನ್ನು ಅಳಿಸಲ್ಲ. ಮೆಣಸು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಹೋಗಿ ಕ್ಲಿಪ್ಪಿನ ಬುಟ್ಟಿ ಹಿಡಿದು ನಿಂತೆ.

"ಏನ್ ಮಾಮ, ದಾರಿ ತಪ್ತಾ?"

"ಅವತ್ತು ಕೇಳಿದ್ರೆ ಏನೋ ಹೇಳ್ತೀನಿ ಅಂದಿದ್ದೆ."

"ಅಂದಿದ್ದೆ."

"ಹೂಂ. ಹೇಳು."

"ಕೇಳಿದ್ರೆ ಅಂದಿದ್ದೆ."

ಈ ಹುಡುಗಿಗೆ ಹೆಸರಿಟ್ಟವನು ನಾನೇ, ಅನುಭವಿಸಬೇಕು. "ಕೇಳ್ತಿದ್ದೀನಿ ಕಣೆ, ತಾಯಿ!"

ಒದ್ದೆ ಕೈ ಒರೆಸಿಕೊಂಡಳು. "ನಿನ್ನೆ ಆರು, ಏಳು, ಎಂಟು, ಒಂಬತ್ತಕ್ಕೆ ಎಷ್ಟೆಷ್ಟು ತೋರಿಸ್ತು? ಬರೆದಿದ್ದೀಯಾ?"

ಬರೆದಿರುವುದಿಲ್ಲವೇ! ಇಪ್ಪತ್ತಾರು ವರ್ಷ ಗೇಟಿನ ಪುಸ್ತಕ ಬರೆದವನು. ಆರಕ್ಕೆ ೬:೦೦. ಏಳಕ್ಕೆ ೬:೫೦. ಎಂಟಕ್ಕೆ ೭:೪೦. ಒಂಬತ್ತಕ್ಕೆ ೮:೩೦.

"ಗಂಟೆಗೆ ಹತ್ತೇ ನಿಮಿಷ," ಅಂದಳು. "ಒಂದ್ ಸಲಾನೂ ಒಂಬತ್ತಿಲ್ಲ, ಹನ್ನೊಂದಿಲ್ಲ. ಕೆಟ್ಟ ಗಡಿಯಾರ ಇಷ್ಟು ಶಿಸ್ತಾಗಿ ಕೆಡಲ್ಲ ಮಾಮ. ಇದು ಕೆಟ್ಟೇ ಇಲ್ಲ."

"ನಾನೂ ಅದೇ ಅಂದಿದ್ದು! ಮೊದಲ ದಿನವೇ!"

"ಕೇಳು. ಇದಕ್ಕೆ ಸ್ವಂತ ಬುದ್ಧಿ ಇಲ್ಲ. ಗೋಡೆಯಿಂದ ಬರೋ ಕರೆಂಟು ಸೆಕೆಂಡಿಗೆ ಇಷ್ಟು ಸಲ ಅಂತ ಬಡೀತಿರತ್ತೆ, ಇದು ಅದನ್ನ ಎಣಿಸ್ತಾ ಕೂರತ್ತೆ. ಇದು ಹುಟ್ಟಿದ ದೇಶದಲ್ಲಿ ಅರವತ್ತು ಬಡಿದ್ರೆ ಒಂದ್ ಸೆಕೆಂಡು. ನಮ್ಮಲ್ಲಿ ಬಡಿಯೋದು ಐವತ್ತೇ. ನಾನು ದಿನಾ ಬರೆಯೋದೇ ಅದನ್ನ. ಇದು ಪಾಪ ಅರವತ್ತು ಆಗ್ಲಿ ಅಂತ ಕಾಯ್ಕೊಂಡಿರತ್ತೆ. ಅದಕ್ಕೇ ಹಿಂದೆ."

"ಡಬ್ಬಿ ಇದೆಯಲ್ಲ? ನಮ್ಮ ಕರೆಂಟನ್ನ ಅವರ ಕರೆಂಟು ಮಾಡೋಕೆ?"

"ಡಬ್ಬಿ ಕರೆಂಟಿನ ಒತ್ತಡ ಇಳಿಸತ್ತೆ, ಬಡಿತ ಬದಲಾಯಿಸಲ್ಲ."

ಅವಳಿಗೆ ಒಂದು ಕ್ಲಿಪ್ಪು ಎತ್ತಿಕೊಟ್ಟೆ. ಆಮೇಲೆ ಕೇಳಿದೆ, "ಹಂಗಾದ್ರೆ ಗುರುವಾರ? ಮೂರು ದಿನ ಬೀಗ ಹಾಕಿಟ್ಟು ತೆಗೆದಾಗ ಸರಿಯಾಗಿ ಆರೂವರೆ ತೋರಿಸ್ತಲ್ಲ?"

ಅವಳು ಬೆರಳು ಮಡಚಿದಳು. "ಗಂಟೆಗೆ ಹತ್ತು ನಿಮಿಷ. ದಿನಕ್ಕೆ ನಾಲ್ಕು ಗಂಟೆ. ಮೂರು ದಿನಕ್ಕೆ?"

ಹನ್ನೆರಡು.

ಹನ್ನೆರಡು ಗಂಟೆ ಹಿಂದೆ ಬಿದ್ದರೆ ಅದೇ ಅಂಕಿ ಮತ್ತೆ ಬರುತ್ತದೆ. ಇನ್ನೊಂದು ಗಂಟೆ ಮೊದಲೋ ಆಮೇಲೋ ತೆಗೆದಿದ್ದರೆ ಗೊತ್ತಾಗುತ್ತಿತ್ತು. ನಾನು ವಿಜ್ಞಾನಿಯ ಹಾಗೆ ಎಪ್ಪತ್ತೆರಡೇ ಗಂಟೆ ಎಣಿಸಿ ತೆಗೆದೆ.

"ಮೂಲೇಲಿ ಕೆಂಪು ಚುಕ್ಕೆ ಹೊತ್ತಿರ್ಬೇಕಲ್ಲ ಮಾಮ?"

"…ಇತ್ತು."

"ಅದು ಹೊತ್ತಿದ್ರೆ ಸಂಜೆ ಅಂತ ಅರ್ಥ. ನೀನು ಬೆಳಗ್ಗೆ ಆರೂವರೆಗೆ ನೋಡಿದೆ, ಅದು ಹಿಂದಿನ ದಿನ ಸಂಜೆ ಆರೂವರೇಲಿ ಕೂತಿತ್ತು."

ಮೇಷ್ಟ್ರು ಇಟ್ಟ ಗುರುತು ಅಂದುಕೊಂಡಿದ್ದೆ.

ಮಾರ್ಚ್ ೧೩, ಬುಧವಾರ. ಸಂಜೆ ೭

ಮೆಣಸು ಹೇಳಿದಳು: ಇಂಥ ಗಡಿಯಾರ ಮಾಡುವವರು ಬೇರೆ ದೇಶಕ್ಕೂ ಮಾರುತ್ತಾರೆ, ಐವತ್ತಕ್ಕೆ ತಿರುಗಿಸಲು ಎಲ್ಲಾದರೂ ಒಂದು ಸ್ವಿಚ್ಚು ಇಟ್ಟಿರಲೇಬೇಕು. ಹಿಂದೆ ಇಲ್ಲ. ಪಕ್ಕದಲ್ಲಿ ಇಲ್ಲ. ಒಳಗೂ ಕಾಣುವುದಿಲ್ಲ, ಬೋರ್ಡು ಅಡ್ಡ. ತಿರುಗಿಸಿ ಹಿಡಿದಳು.

"ಈ ಹಸಿರು ಬಟ್ಟೆ ಯಾಕಿದೆ ಇಲ್ಲಿ?"

ಅಕ್ಕ ಮಿಷನ್ನು ನಿಲ್ಲಿಸಿದಳು. ನಾನು ಸೀಲಿಂಗ್ ನೋಡಿದೆ.

ಮೂಲೆಗೆ ಬ್ಲೇಡು ಹಾಕಿ ಎಳೆದಳು. ಬಿಡಲಿಲ್ಲ. ನಾನು ಹಚ್ಚಿದ ಅಂಟು, ಅಷ್ಟು ಸುಲಭವಾಗಿ ಬಿಡುತ್ತದೆಯೇ? ಬಿಸಿ ನೀರಿನ ಬಟ್ಟೆ ಒತ್ತಿ, ಮೂವರೂ ಹಿಡಿದು ಎಳೆದ ಮೇಲೆ ಎದ್ದಿತು. ಕೆಳಗೆ ಉಗುರಿನಗಲದ ಒಂದು ಗುಂಡಿ. ಗುಂಡಿಯೊಳಗೆ ಸಣ್ಣ ಸ್ವಿಚ್ಚು. ಒಂದು ಕಡೆ ಐವತ್ತು, ಇನ್ನೊಂದು ಕಡೆ ಅರವತ್ತು, ಅಚ್ಚೊತ್ತಿದ ಅಂಕಿ. ಮೂವತ್ತೆರಡು ವರ್ಷದಿಂದ ಅರವತ್ತರ ಕಡೆಗೇ ಕೂತಿದೆ.

"ಅದು ನೀನೇ ಅಂಟಿಸಿದ್ದಲ್ವೇನೋ," ಅಂದಳು ಅಕ್ಕ ಮೆಲ್ಲಗೆ. "ಗಡಿಯಾರ ಬಂದ ದಿನ. ಅವರು ಪೆಟ್ಟಿಗೆ ಬಿಚ್ಚೋ ಮೊದಲೇ ಕತ್ತರಿ ಹಿಡ್ಕೊಂಡು ಕೂತಿದ್ದೆ."

ಬಾಯಿಂದ ಮಾತು ಹೊರಡಲಿಲ್ಲ. ನನಗೆ! ಭಾವ ಎಷ್ಟು ರಜೆಗಳಲ್ಲಿ ಈ ಮೇಜಿನ ಮುಂದೆ ಬಗ್ಗಿ ಕೂತಿದ್ದರು… ಪ್ರತಿ ಸಲ ನಾನು ಪಕ್ಕದಲ್ಲಿ ಟಾರ್ಚು ಹಿಡಿದು ಸಲಹೆ ಕೊಡುತ್ತಿದ್ದೆ. ಒಂದು ಸಲವೂ ತಿರುಗಿಸಿ ನೋಡಿ ಅನ್ನಲಿಲ್ಲ. ವೆಲ್ವೆಟ್ಟಿಗೆ ಸುಕ್ಕು ಬಿದ್ದೀತು ಅಂತ ಮಲಗಿಸಲೂ ಬಿಡುತ್ತಿರಲಿಲ್ಲ.

ಅಕ್ಕ ಬೈಯುತ್ತಾಳೆ ಅಂದುಕೊಂಡೆ. ಭುಜ ಅಲ್ಲಾಡಿತು. ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು. ಮಿಷನ್ನಿನ ಮೇಲೆ ತಲೆಯಿಟ್ಟು, ಕಣ್ಣಲ್ಲಿ ನೀರು ಬರುವವರೆಗೆ. "ನಿನ್ನ ಮೇಲೆ ಅವರಿಗೆ ಎಂಥಾ ನಂಬಿಕೆ ಇತ್ತೋ! 'ನಿನ್ ತಮ್ಮ ಇದಾನಲ್ಲ, ಅವನ ಕಣ್ಣಿಗೆ ಬೀಳದೆ ಇರೋದು ಏನಿದೆ' ಅಂತಿದ್ರು."

ಆಗ ಮಾತು ವಾಪಸ್ ಬಂತು. "ನೋಡಕ್ಕಾ, ಆ ಸ್ವಿಚ್ಚಿಗೆ ಇಷ್ಟು ವರ್ಷ ಒಂದು ಕಾಳು ಧೂಳು ಹೋಗಿಲ್ಲ. ಯಾರಿಂದ?"

ಮೆಣಸು ಪಿನ್ನು ಕೊಟ್ಟಳು. "ನೀನೇ ಸರಿಸು ಮಾಮ." ಸರಿಸಿದೆ. ಟಕ್.

ಮಾರ್ಚ್ ೧೭, ಭಾನುವಾರ. ಸಂಜೆ ೭

ನಾಲ್ಕು ದಿನ. ಹೊತ್ತು ಹೊತ್ತಿಗೆ ಬರೆದಿದ್ದೇನೆ, ಈ ಸಲ ಎಪ್ಪತ್ತೆರಡರ ಹತ್ತಿರ ಹೋಗದೆ. ಒಂದು ನಿಮಿಷವೂ ಕದಲಿಲ್ಲ. ಚುಕ್ಕೆ ಮಧ್ಯಾಹ್ನ ಹೊತ್ತಿಕೊಂಡು ನಡುರಾತ್ರಿ ಆರುತ್ತದೆ, ಸಭ್ಯವಾಗಿ. ಅಕ್ಕ ಅದನ್ನು ನೋಡಿಕೊಂಡೇ ಹೊಲಿಯುತ್ತಾಳೆ. ಬಟ್ಟೆ ತೆಗೆದುಕೊಳ್ಳಲು ಬಂದವರಿಗೆಲ್ಲ, "ನನ್ ತಮ್ಮ ಸರಿ ಮಾಡಿದ್ದು" ಅನ್ನುತ್ತಾಳೆ. ಮೆಣಸು ಅಲ್ಲೇ ಕೂತಿದ್ದರೂ ತುಟಿ ಬಿಚ್ಚುವುದಿಲ್ಲ. ನಾನೇ ಹೇಳಿದೆ ಟೈಲರನಿಗೆ, "ಬುದ್ಧಿ ಇವಳದ್ದು, ಬೆರಳು ನನ್ನದು" ಅಂತ. ಹೇಳಿದ್ದು ನನಗೇ ಆಶ್ಚರ್ಯ. ಎದೆಯೇನೂ ಕುಗ್ಗಲಿಲ್ಲ, ಇನ್ನೂ ಎರಡಂಗುಲ ಉಬ್ಬಿತು. ಒಬ್ಬನೇ ಮೆರೆಯುವುದಕ್ಕಿಂತ ಜಾಗ ಜಾಸ್ತಿ ಇದೆ ಇದರಲ್ಲಿ.

ನಿನ್ನೆ ಒಂಟಿಗಾಜು ಬಂದಿದ್ದ. ಗಡಿಯಾರದ ಎದುರು ಅರ್ಧ ಗಂಟೆ ಕೂತ. ತಳ ತಿರುಗಿಸಿ ನೋಡಿದ, ಹುಬ್ಬು ಹಾರಿಸಿದ. ಅಕ್ಕ ಚಹಾ ಕೊಟ್ಟು, "ನಿಮ್ಮಂಗಡೀಲಿ ಜನ ಎಲ್ಲ ನೋಡಿದ್ರಂತಲ್ಲ?" ಅಂದಳು. ನಾನು ಗಡಿಯಾರದ ಗಾಜು ಒರೆಸತೊಡಗಿದೆ.

"ನೋಡಿದ್ರು ಅಕ್ಕಾವ್ರೇ," ಅಂದ ಅವನು. "ಚೆನ್ನಾಗಿ ನೋಡಿದ್ರು."

ಅಷ್ಟೇ. ಇವತ್ತು ನೋಡಿದರೆ ಅವನ ಕಪಾಟಿನ ಗಾಜಿಗೆ ಒಂದು ಚೀಟಿ: 'ಹಳೇ ಕರೆಂಟು ಗಡಿಯಾರಕ್ಕೆ ಗೇಟಿನವರನ್ನು ಕೇಳಿ'. ನಾನು ಆ ದಾರಿಯಲ್ಲಿ ನಾಲ್ಕು ಸಲ ಓಡಾಡಿದೆ. ಉಪ್ಪು ತರಲು ಒಂದು ಸಲ, ಉಪ್ಪು ಮರೆತದ್ದಕ್ಕೆ ಮೂರು ಸಲ.

ಒಂದು ತಿದ್ದುಪಡಿ. ಅವತ್ತು ಕೊಟ್ಟದ್ದು ಇನ್ನೂರು ಅಂತ ಬರೆದಿದ್ದೆ. ಎಂಟುನೂರು ಇರಬೇಕು. ಸರಿಯಾಗಿ ನೆನಪಿಲ್ಲ.

ಮಾರ್ಚ್ ೨೪, ಭಾನುವಾರ. ಸಂಜೆ ೬.೧೫, ಅಕ್ಕನ ಗಡಿಯಾರದ ಪ್ರಕಾರ

ನಾಳೆಯಿಂದ ಮಿಲ್ಲಿನ ಗೋಡೆ ಗಡಿಯಾರವನ್ನೂ ಇದಕ್ಕೆ ಹೊಂದಿಸಿಯೇ ಗಂಟೆ ಬಾರಿಸುವುದು. ಭಾವನವರ ಟೈಮಿಗೆ ನಲವತ್ತು ಜನ ಊಟಕ್ಕೆ ಏಳುತ್ತಾರೆ. ಸೂರ್ಯನಿಗೂ ಹೇಳಿದ್ದೇನೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಅಕ್ಕ ನಾನು ಅಗಿಯುವುದನ್ನೇ ನೋಡುತ್ತಿದ್ದಳು. "ಹಲ್ಲಿನ ಡಾಕ್ಟರ ಹತ್ರ ಹೇಳಿ ಬಂದಿದ್ದೀನಿ. ಮಂಗಳವಾರ ಅಳತೆ ತಗೋತಾರೆ. ಡಬ್ಬಿ ಇಳಿಸ್ಕೋ."

"ಯಾಕಕ್ಕಾ, ಹನ್ನೊಂದು ಸಾಕು. ಒಂದೊಂದೂ ಇಬ್ಬರ ಕೆಲಸ ಮಾಡತ್ತೆ."

"ಡಬ್ಬಿ ಇಳಿಸ್ಕೋ ಅಂದೆ."

ಮಾಳಿಗೆಗೆ ಬಂದು ಇಳಿಸಿದೆ. ಒಳಗೆ ಬಿಸ್ಕತ್ತಿನ ವಾಸನೆ ಮಾತ್ರ.

ಮಂಗಳವಾರದೊಳಗೆ ಅಕ್ಕನಿಗೆ ಹೇಳಬೇಕು. ಅವಳ ಮುಂದೆ ನಿಂತು ಹೇಳುವ ಮೊದಲು ಇಲ್ಲಿ ಬರೆದು ಅಭ್ಯಾಸ ಮಾಡಿಕೊಳ್ಳುತ್ತೇನೆ.

ಆ ಸೋಮವಾರ ಒಂಟಿಗಾಜು ಹೋಟೆಲಿನವರು ಒಪ್ಪಿದ್ದ ರೇಟು ಹೇಳಿದ. ಆಮೇಲೆ ಕಣ್ಣಿನಿಂದ ಗಾಜು ತೆಗೆದ, ನಾನು ಕಂಡ ಹಾಗೆ ಮೊದಲ ಸಲ. "ಸಾಹೇಬ್ರೇ, ನನಗೇನು ನಿಮ್ಮ ದುಡ್ಡಿನ ಆಸೆ ಇಲ್ಲ. 'ಸೋತೆ' ಅಂತ ಒಂದ್ ಮಾತು ಅನ್ನಿ. ಅರ್ಧ ಬಿಟ್ಬಿಡ್ತೀನಿ."

ಬಾಗಿಲಲ್ಲಿ ಸೈಕಲ್ ಅಂಗಡಿಯವನು ನಿಂತಿದ್ದ. ನಾನು ಡಬ್ಬಿಯನ್ನು ಕೌಂಟರಿನ ಮೇಲೆ ಬೋರಲು ಹಾಕಿ, ಪೂರ್ತಿ ಎಣಿಸಿಕೊಟ್ಟೆ.

ಇನ್ನೂರಲ್ಲ. ಎಂಟುನೂರೂ ಅಲ್ಲ.

ಸೋತೆ. ಹನ್ನೆರಡು ಸಾವಿರದ ನಾನೂರು.